ಎಲೆ ಉದುರದ ಮಿಶ್‌ಮಿಶ್

ಬಕೆಟ್ಟಿನೊಳಗೆ ಚೊಂಬು ಮುಳುಗಲಿಲ್ಲ. ಟಣ್ ಅಂತ ಸದ್ದು ಮಾಡಿ ಮೇಲೆಯೇ ನಿಂತಿತು. ಬೆಳಗಿನ ಡ್ಯೂಟಿಗೆ ಹೊರಟಿದ್ದ ನಾನು ಅರೆನಿದ್ದೆಯಲ್ಲಿ ಇನ್ನೊಮ್ಮೆ ಜೋರಾಗಿ ಹಾಕಿದೆ. ಚೊಂಬಿನ ಅಂಚು ನಗ್ಗಿತೇ ಹೊರತು ನೀರು ಅಲ್ಲಾಡಲಿಲ್ಲ. ಬಗ್ಗಿ ನೋಡಿದರೆ ಮೇಲೆ ಗಾಜಿನ ಹಾಗೆ ಮಂಜುಗಡ್ಡೆ ಕಟ್ಟಿದೆ. ನಾನು ಬಂದದ್ದು ಗಲ್ಫಿಗೆ. ಹೊರಡುವಾಗ ಊರಿನವರೆಲ್ಲ ಸೇರಿ ಅಲ್ಲಿನ ಸೆಕೆಯ ವರ್ಣನೆ ಮಾಡಿ ಹೆದರಿಸಿ, ಬೆವರುಸಾಲೆಯ ಪೌಡರು, ತೆಳು ಹತ್ತಿಯ ಸೀರೆ, ಒಂದು ಬೀಸಣಿಗೆ ಎಲ್ಲ ಕಟ್ಟಿ ಕೊಟ್ಟಿದ್ದರು. ಸ್ವೆಟರ್ ಕೊಟ್ಟ ಪುಣ್ಯಾತ್ಮರು ಒಬ್ಬರೂ ಇಲ್ಲ.

ಒಮಾನ್ ಎಂದರೆ ಸಮುದ್ರ, ಮರಳು, ಮಸ್ಕತ್ತು ಇಷ್ಟೇ ಎಂದು ನಂಬಿದವರಲ್ಲಿ ನಾನೂ ಒಬ್ಬಳು. ಮಸ್ಕತ್ತಿನಿಂದ ಒಳನಾಡಿಗೆ ಹೋಗಿ, ಬಿರ್ಕತ್ ಅಲ್ ಮೌಜ್ ಎಂಬ ಖರ್ಜೂರದ ಊರಿನ ಹಿಂದಿನಿಂದ ಜಲ್ಲಿ ರಸ್ತೆಯಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಹತ್ತಿದರೆ ಜಬಲ್ ಅಖ್ದರ್ ಸಿಗುತ್ತದೆ. ಹಾಗೆಂದರೆ ಹಸಿರು ಬೆಟ್ಟ. ನಮ್ಮ ಉಡುಪಿ ಕಡೆಯವರು ನೋಡಿದರೆ ಹಸಿರು ಎಲ್ಲಿ ಎಂದು ಹುಡುಕಬೇಕು, ಅಷ್ಟು ಬೋಳು. ಆದರೆ ನೆತ್ತಿಯ ಮೇಲೆ ಸೈಕ್ ಎಂಬ ಹಳ್ಳಿಯ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ತೋಟಗಳಿವೆ. ದಾಳಿಂಬೆ, ಅಕ್ರೋಟು, ಗುಲಾಬಿ, ಮತ್ತೆ ಮಿಶ್‌ಮಿಶ್. ನಮ್ಮಲ್ಲಿ ಅಂಗಡಿಯಲ್ಲಿ ಒಣಗಿಸಿ ಮಾರುವ ಜರ್ದಾಲು ಇದೆಯಲ್ಲ, ಅದರ ಮರಕ್ಕೆ ಅಲ್ಲಿ ಮಿಶ್‌ಮಿಶ್ ಅನ್ನುತ್ತಾರೆ. ಎಂಬತ್ತರ ದಶಕದ ನಡುವೆ ಅಲ್ಲಿನ ಆರೋಗ್ಯ ಕೇಂದ್ರಕ್ಕೆ ನನ್ನನ್ನು ನರ್ಸ್ ಎಂದು ಹಾಕಿದರು.

ನಾನು ಗಲ್ಫಿಗೆ ಅರ್ಜಿ ಹಾಕಿದ್ದು ಬೆಟ್ಟ ಹತ್ತುವುದಕ್ಕಲ್ಲ. ನನ್ನ ಗಂಡ ವಲೇರಿಯನ್, ನಾನು ಕರೆಯುವುದು ವಲ್ಲಿ ಎಂದು, ಮಸ್ಕತ್ತಿನ ವಾದಿ ಕಬೀರಿನಲ್ಲಿ ಒಂದು ಗ್ಯಾರೇಜಿನ ಆಫೀಸಿನಲ್ಲಿದ್ದ. ಮದುವೆಯಾಗಿ ತಿಂಗಳು ತುಂಬುವ ಮೊದಲೇ ಅವನ ರಜೆ ಮುಗಿದಿತ್ತು. ಒಂದೇ ಊರಿನಲ್ಲಿ ಕೆಲಸ ಸಿಕ್ಕಿದರೆ ಒಂದೇ ಮನೆಯಲ್ಲಿ ಇರಬಹುದಲ್ಲ ಎಂಬ ಸರಳ ಆಸೆ. ಕೆಲಸವೇನೋ ಸಿಕ್ಕಿತು, ಅದೇ ದೇಶದಲ್ಲಿಯೇ ಸಿಕ್ಕಿತು. ಆದರೆ ಆ ಬೆಟ್ಟ ಆಗ ಸೈನ್ಯದ ಕಣ್ಣಿನಡಿ ಇದ್ದ ಜಾಗ. ಅಲ್ಲಿ ಕೆಲಸ ಇದ್ದವರಿಗೆ, ಅಲ್ಲಿನವರಿಗೆ ಬಿಟ್ಟರೆ ಉಳಿದವರಿಗೆ ಪರ್ಮಿಟ್ ಇಲ್ಲದೆ ಹತ್ತಲು ಬಿಡುತ್ತಿರಲಿಲ್ಲ. ಗಂಡ ಹೆಂಡತಿಯನ್ನು ನೋಡಲು ಬರಬೇಕಾದರೂ ಬೆಟ್ಟದ ಬುಡದ ಚೆಕ್‌ಪೋಸ್ಟಿನ ಅಪ್ಪಣೆ. ಕೊನೆಗೆ ನಾನೇ ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದ ಗಾಡಿಯಲ್ಲಿ ಇಳಿದು ಹೋಗುವುದು ಎಂದಾಯಿತು. ವಲ್ಲಿಯ ಫ್ಲ್ಯಾಟಿನಲ್ಲಿ ಇನ್ನೂ ನಾಲ್ಕು ಮಂದಿ ಗಂಡಸರು. ನಾನು ಬರುವ ಗುರುವಾರ ಅವರು ಪಾಪ ಚಾಪೆ ಸುತ್ತಿಕೊಂಡು ಗೆಳೆಯರ ರೂಮಿಗೆ ಹೋಗುತ್ತಿದ್ದರು. ಮುಖ ಎತ್ತಿ ಅವರನ್ನು ನೋಡಲು ನನಗೆ ನಾಚಿಕೆ.

"ಟ್ರಾನ್ಸ್‌ಫರ್ ಕೇಳಿದೆಯಾ?" ಎಂದು ವಲ್ಲಿ ಪ್ರತಿ ಸಲ ಕೇಳುತ್ತಿದ್ದ. ನಾವು ಆಡುವುದು ಕೊಂಕಣಿ. ಇಲ್ಲಿ ನಮ್ಮ ಊರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕೇಳದೆ ಇರ್ತೇನಾ? ನೋಡುವ ಅಂದ್ರು."

"ಹೋದ ತಿಂಗಳೂ ನೋಡುವ ಅಂದಿದ್ರಲ್ಲ?"

"ಅವರು ನೋಡ್ತಾನೇ ಇರ್ಲಿ. ನಾವು ಇಲ್ಲಿ ಮುದುಕರಾಗುವ."

ಬೆಟ್ಟದ ಮೇಲಿನ ಸಂಸಾರವೂ ಹಾಗೇ ಇತ್ತು. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಅನ್ನ ಮಾತ್ರ ಬೇಯುವುದಿಲ್ಲ. ಊರಿನಿಂದ ಹೊತ್ತು ತಂದ ಕುಚ್ಚಲಕ್ಕಿ ಗಂಟೆಗಟ್ಟಲೆ ಕುದಿದು ಕೊನೆಗೂ ಹಲ್ಲಿಗೆ ಸಿಕ್ಕುವ ಹಾಗೆ ಉಳಿಯುತ್ತಿತ್ತು. ತೆಂಗಿನೆಣ್ಣೆ ಬಾಟಲಿಯಲ್ಲಿ ಮೇಣವಾಗಿ, ತಲೆಗೆ ಹಚ್ಚಬೇಕಾದರೆ ಒಲೆಯ ಹತ್ತಿರ ಅದನ್ನು ಓಲೈಸುತ್ತ ಕೂರಬೇಕು. ಇಡ್ಲಿಯ ಹಾಗಿನ ನಮ್ಮ ತಿಂಡಿ ಸಣ್ಣ ಮಾಡೋಣ ಎಂದರೆ, ಅದಕ್ಕೆ ಹಿಟ್ಟು ಉಬ್ಬಿ ಬರಬೇಕು. ಆ ಚಳಿಯಲ್ಲಿ ಹಿಟ್ಟು ಎರಡು ದಿನ ಇಟ್ಟರೂ ಇಟ್ಟ ಹಾಗೇ ಇರುತ್ತಿತ್ತು. ನಾನು ಪಾತ್ರೆಗೆ ನನ್ನ ಕಂಬಳಿಯನ್ನೇ ಹೊದೆಸಿ ನಡುಗುತ್ತ ಮಲಗಿದ್ದೂ ಉಂಟು. ಕ್ರಿಸ್ಮಸ್ಸಿಗೆ ಚಪ್ಪಟೆ ಸಣ್ಣ ತಿಂದು ಅತ್ತಿದ್ದೇನೆ. ಇದನ್ನೆಲ್ಲ ರಜೆಗೆ ಹೋದಾಗ ಊರಿನಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಗಲ್ಫಿನಲ್ಲಿ ಚಳಿಯಂತೆ, ಇವಳಿಗೆ ಬಡಾಯಿ ಜಾಸ್ತಿಯಾಗಿದೆ ಎಂದರು.

ಆ ಮಂಜುಗಡ್ಡೆಯ ಬೆಳಿಗ್ಗೆಗೆ ಮರಳುತ್ತೇನೆ. ಕ್ವಾರ್ಟರ್ಸಿನ ಬಾಗಿಲ ಹೊರಗೆ ಒಂದು ಕುಂಡದಲ್ಲಿ ನಾನು ಮಲ್ಲಿಗೆ ನೆಟ್ಟಿದ್ದೆ. ನಮ್ಮ ಮನೆ ಶಂಕರಪುರದ ಹತ್ತಿರ. ಅಲ್ಲಿ ಹಿಂದೂಗಳಾಗಲಿ ಕ್ರಿಸ್ತುವರಾಗಲಿ ಅಂಗಳದ ತುಂಬ ಮಲ್ಲಿಗೆ ಬೆಳೆಯುವವರೇ. ಬೆಳಗಾದರೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಲೆಕ್ಕದ ಕಟ್ಟುಗಳಾಗಿ ಅಟ್ಟೆ ಮಾಡಿ, ಹೂ ಕೊಳ್ಳುವವರ ಕಟ್ಟೆಗೆ ಕೊಡುವುದರಲ್ಲೇ ನಾನು ಬೆಳೆದದ್ದು, ನರ್ಸಿಂಗ್ ಕಲಿತದ್ದು. ಹಾಗಾಗಿ ಸೂಟ್‌ಕೇಸಿನಲ್ಲಿ ಒದ್ದೆ ಬಟ್ಟೆ ಸುತ್ತಿ ತಂದ ಒಂದು ಗೆಲ್ಲು ಅದು. ಹಿಂದಿನ ದಿನದವರೆಗೆ ಹಸಿರಾಗಿದ್ದ ಗಿಡ ಅಂದು ಬೇಯಿಸಿದ ಬಸಳೆಯ ಹಾಗೆ ಕಪ್ಪಾಗಿ ಜೋತುಬಿದ್ದಿತ್ತು. ಎಲೆ ಮುಟ್ಟಿದರೆ ಕೈಗೆ ಅಂಟಿತು. ತಲೆ ಎತ್ತಿ ನೋಡಿದರೆ ಕೆಳಗಿನ ತೋಟದಲ್ಲಿ ಒಂದು ಮರದಲ್ಲೂ ಎಲೆಯಿಲ್ಲ. ಕೆಲವು ವಾರಗಳಿಂದ ಎಲೆ ಉದುರುತ್ತಿದ್ದುದನ್ನು ನಾನು ರೋಗ ಎಂದುಕೊಂಡಿದ್ದೆ. ಈಗ ಎಲ್ಲವೂ ಬರಿ ಕಡ್ಡಿ. ನಮ್ಮ ಊರಿನಲ್ಲಿ ಮರ ಹಾಗೆ ಕಂಡರೆ ಅದನ್ನು ಕಡಿದು ಒಲೆಗೆ ಹಾಕುತ್ತಾರೆ.

ಆಚೆ ಮನೆಯ ಮಾ ಜುವೈನಾ ಆ ಮರಗಳ ನಡುವೆ ಕಟ್ಟಿಗೆ ಆರಿಸುತ್ತಿದ್ದಳು. ಮಾ ಎಂಬುದು ಅಲ್ಲಿ ಹಿರಿಯ ಹೆಂಗಸರಿಗೆ ಸಲ್ಲುವ ಮರ್ಯಾದೆ. ಗಂಡ ತೀರಿಕೊಂಡು, ಹೆಣ್ಣುಮಕ್ಕಳು ಮದುವೆಯಾಗಿ ಬೆಟ್ಟದ ಕೆಳಗಿನ ನಿಜ್ವಾ ಪಟ್ಟಣದ ಕಡೆ ಸೇರಿ, ತಮ್ಮ ಹಮದನ ಮನೆಯ ಒಂದು ಮಗ್ಗುಲಿನಲ್ಲಿ ಇದ್ದವಳು. ನನಗೆ ಬರುತ್ತಿದ್ದ ಅರಬ್ಬಿ ಆಗ ಎಲ್ಲಿ ನೋವು, ಬಾಯಿ ತೆರೆ, ಖಲಾಸ್ ಮುಗಿಯಿತು ಎಂಬಷ್ಟೇ. ಆ ಮೂರು ಮಾತುಗಳಲ್ಲೇ ಮರಗಳು ಸತ್ತಿವೆ ಎಂದು ತಿಳಿಸಲು ನೋಡಿದೆ.

ಅವಳು ಸೊಂಟಕ್ಕೆ ಕೈಕೊಟ್ಟು ನಕ್ಕಳು. ಮಿಶ್‌ಮಿಶ್ ಮರದ ಒಂದು ರೆಂಬೆ ಬಗ್ಗಿಸಿ ಉಗುರಿನಿಂದ ಕೆರೆದಳು. ಒಳಗೆ ಹಸಿರು ಗೆರೆ ಕಂಡಿತು.

"ಸತ್ತಿಲ್ಲ ಸಿಸ್ತರ್. ಮಲಗಿದೆ," ಎಂದು ಎರಡೂ ಅಂಗೈ ಕೆನ್ನೆಗೆ ಆನಿಸಿ ತೋರಿಸಿದಳು. ಆಮೇಲೆ ನನ್ನ ಕುಂಡದತ್ತ ಬೆರಳು ಮಾಡಿ, "ಅದು ಸತ್ತಿದೆ. ಅದಕ್ಕೆ ಬಟ್ಟೆ ಬಿಚ್ಚಿ ಮಲಗಲು ಯಾರೂ ಕಲಿಸಿಲ್ಲ," ಎಂದು ಬಟ್ಟೆ ಕಳಚುವ ಸನ್ನೆ ಮಾಡಿ ತಿಳಿಸಿದಳು.

ಸಿಟ್ಟು ಬಂತು. ನನ್ನ ಗಿಡ ಹೋಗಿದೆ, ಇವಳಿಗೆ ತಮಾಷೆ.

ಆದರೆ ಅವಳು ಹೇಳಿದ್ದು ನಿಜ ಎಂದು ಅರ್ಥವಾಗುತ್ತ ಹೋಯಿತು. ಚಳಿ ಬರುವ ಸೂಚನೆ ಸಿಕ್ಕಿದೊಡನೆ ಆ ಮರಗಳು ಎಲೆಯಲ್ಲಿದ್ದ ಸತ್ವವನ್ನೆಲ್ಲ ಕಾಂಡಕ್ಕೆ, ಬೇರಿಗೆ ಎಳೆದುಕೊಂಡು ಎಲೆಯನ್ನು ಕಳಚಿಬಿಡುತ್ತವೆ. ಶಾಕ್‌ಗೆ ಹೋದ ರೋಗಿಯ ಕೈಕಾಲು ತಣ್ಣಗಾಗುವುದು ದೇಹ ರಕ್ತವನ್ನೆಲ್ಲ ಎದೆಗೆ, ತಲೆಗೆ ಎಳೆದುಕೊಳ್ಳುವುದರಿಂದ. ಅದೇ ಲೆಕ್ಕ. ಮುಂದಿನ ವರ್ಷದ ಹೂವು ಆಗಲೇ ಮೊಗ್ಗಾಗಿ, ಮೇಲೆ ಗಟ್ಟಿ ಸಿಪ್ಪೆ ಹೊದ್ದು ಕೂತಿರುತ್ತದೆ. ಬಂಡೆಗಳ ನಡುವೆ ಬೆಳೆಯುವ ಕಾಡು ಆಲಿವ್ ಎಲೆ ಬಿಡುವುದಿಲ್ಲ, ಆದರೆ ಅದರ ಎಲೆ ಚರ್ಮದ ಹಾಗೆ ದಪ್ಪ. ನನ್ನ ಮಲ್ಲಿಗೆಗೆ ಈ ಎರಡು ವಿದ್ಯೆಯೂ ಇರಲಿಲ್ಲ. ಮೈತುಂಬ ಎಳೆ ಎಲೆ, ಎಲೆಯ ತುಂಬ ನೀರು. ನೀರು ಹೆಪ್ಪುಗಟ್ಟಿತು, ಒಳಗೆಲ್ಲ ಸೀಳಿತು.

ಇನ್ನೊಂದು ಸಂಗತಿ ನನಗೆ ಹೊಸದು. ಚಳಿಯನ್ನು ತಡೆದುಕೊಳ್ಳುವುದಷ್ಟೇ ಅಲ್ಲ, ಆ ಮರಗಳಿಗೆ ಚಳಿ ಬೇಕು. ಸಾಕಷ್ಟು ಚಳಿ ಉಂಡ ಮೇಲೆಯೇ ಮೊಗ್ಗಿಗೆ ಎಚ್ಚರ. ಚಳಿ ಸಾಲದಿದ್ದರೆ ನಿದ್ದೆ ಸಾಲದ ಮನುಷ್ಯರ ಹಾಗೆ ಮಂಕಾಗಿ, ಒಂದು ರೆಂಬೆಯಲ್ಲಿ ಹೂವು, ಒಂದರಲ್ಲಿ ಎಲೆ, ಒಂದರಲ್ಲಿ ಏನೂ ಇಲ್ಲ. ಇದನ್ನು ಮಾ ಜುವೈನಾ ಹೇಳಿದಾಗ ನಾನು ನಂಬಲಿಲ್ಲ. ಆ ದರಿದ್ರ ಚಳಿಯನ್ನು ಬೇಕು ಎನ್ನುವ ಜೀವ ಇದ್ದೀತು ಎಂದು ನನಗೆ ತೋರಲಿಲ್ಲ.

ವರ್ಷಗಳು ಹೋದವು. ವಲ್ಲಿ ಕೆಳಗೆ, ನಾನು ಮೇಲೆ. ಅಮ್ಮನಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಮಗು ಯಾವಾಗ ಎಂದು ಕೇಳುತ್ತಿದ್ದರು. ಮಗು ಏನು ಆರೋಗ್ಯ ಕೇಂದ್ರದ ಗಾಡಿಯಲ್ಲಿ ತಿಂಗಳಿಗೊಮ್ಮೆ ಬರುವ ಔಷಧಿಯ ಪೆಟ್ಟಿಗೆಯೇ? ಉತ್ತರ ಕೊಡಲು ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಆ ವರ್ಷಗಳಲ್ಲಿ ಮಾ ಜುವೈನಾ ಇಲ್ಲದಿದ್ದರೆ ನಾನು ಹುಚ್ಚಿಯಾಗುತ್ತಿದ್ದೆ. ಬೇಸಿಗೆಯಲ್ಲಿ ಅವಳು ಸೆರಗಿನಲ್ಲಿ ಮಿಶ್‌ಮಿಶ್ ತಂದು ನನ್ನ ಮೇಜಿನ ಮೇಲೆ ಸುರಿಯುತ್ತಿದ್ದಳು, ರೋಗಿಗಳ ನಡುವೆಯೇ. ನಾನು ಅವಳ ಸಂಧಿವಾತದ ಬೆರಳುಗಳಿಗೆ ಎಣ್ಣೆ ತಿಕ್ಕುತ್ತಿದ್ದೆ. ಅರಬ್ಬಿ ಕಲಿತದ್ದೂ ಅವಳಿಂದಲೇ. ಮಸ್ಕತ್ತಿನ ಅಂಗಡಿಗಳಲ್ಲಿ ನಾನು ಬಾಯಿ ತೆರೆದರೆ, ಇದು ಬೆಟ್ಟದ ಅರಬ್ಬಿ ಎಂದು ನಗುತ್ತಿದ್ದರು.

ತೊಂಬತ್ತರ ದಶಕ ಶುರುವಾದ ಮೇಲೆ ಒಂದು ಕ್ರಿಸ್ಮಸ್ಸಿಗೆ ನನ್ನ ಸಣ್ಣದ ಹಿಟ್ಟು ಉಬ್ಬಿತು. ಪಾತ್ರೆ ತುಂಬಿ ಚೆಲ್ಲುವಷ್ಟು. ಸಂತೋಷದಲ್ಲಿ ಕುಣಿದೆ. ಬೆಳಗಿನ ಬಕೆಟ್ಟಿನಲ್ಲಿ ಚೊಂಬು ಸಲೀಸಾಗಿ ಮುಳುಗಿತು. ಈ ಊರು ಕಡೆಗೂ ನನ್ನ ಮಾತು ಕೇಳಿತು ಎಂದುಕೊಂಡು ಬಿಸಿ ಸಣ್ಣ ಹಿಡಿದು ಮಾ ಜುವೈನಾಳ ಮನೆಗೆ ಹೋದರೆ, ಅವಳು ಮರದ ಕೆಳಗೆ ನಿಂತು ಮೇಲೆ ನೋಡುತ್ತಿದ್ದಾಳೆ. ಡಿಸೆಂಬರ್ ಮುಗಿಯುತ್ತ ಬಂದರೂ ಮಿಶ್‌ಮಿಶ್ ಮರದ ಮೇಲೆ ಎಲೆ ಹಾಗೇ ಇತ್ತು. ಅರೆಹಳದಿ, ಅರೆಹಸಿರು.

ಆ ವರ್ಷ ಮರ ಸರಿಯಾಗಿ ಹೂ ಬಿಡಲಿಲ್ಲ, ಕಾಯಿ ನಿಲ್ಲಲಿಲ್ಲ. ಮುಂದಿನ ಚಳಿಗಾಲವೂ ಹಾಗೇ. ಇನ್ನೂ ತಗ್ಗಿನ ಹಳ್ಳಿಗಳಲ್ಲಿ ಮಿಶ್‌ಮಿಶ್ ಮರಗಳನ್ನು ಜನ ಆಗಲೇ ಕಡಿಯತೊಡಗಿದ್ದರು. ಭೂಮಿ ಬಿಸಿಯಾಗುತ್ತಿದೆ ಎಂಬ ಮಾತು ರೇಡಿಯೋದಲ್ಲಿ ಆಗಾಗ ಕಿವಿಗೆ ಬೀಳಲು ಶುರುವಾಗಿತ್ತು. ಅದು ನಿಜವಾಗಿ ಅದೇ ಬಿಸಿಯೋ, ಎರಡು ವರ್ಷದ ಚೇಷ್ಟೆಯೋ ಹೇಳುವಷ್ಟು ನಾನು ಓದಿದವಳಲ್ಲ. ಚಳಿಯನ್ನು ಅಷ್ಟು ವರ್ಷ ಬೈದವಳು ನಾನು. ಅದು ಬಾರದೆ ಹೋದಾಗ ಯಾರನ್ನು ಬೈಯುವುದೆಂದು ತಿಳಿಯದೆ ಮೈ ಪರಚಿಕೊಳ್ಳುವ ಹಾಗಾಯಿತು.

ಹಮದ್ ಕೆಟ್ಟವನಲ್ಲ, ಲೆಕ್ಕಾಚಾರದವನು. ಅಲ್ಲಿ ನೀರು ಬರುವುದು ಫಲಜಿನಿಂದ. ಬೆಟ್ಟದ ಬುಗ್ಗೆಯ ನೀರು ಕಲ್ಲಿನ ಸಣ್ಣ ಕಾಲುವೆಯಲ್ಲಿ ಹರಿದು ಬರುತ್ತದೆ, ಪ್ರತಿ ತೋಟಕ್ಕೂ ಅದರಲ್ಲಿ ಸರದಿ. ಅಪ್ಪ ಸಾಯುವ ಮೊದಲು ಮಗಳಿಗೆಂದು ಕೊಟ್ಟದ್ದು ಆ ಒಂದು ಮರ, ಅದರ ಕೆಳಗಿನ ತುಂಡು ಜಾಗ, ಅದಕ್ಕೆ ಸೇರಿದ ನೀರಿನ ಸರದಿ. ತನ್ನದು ಎಂದು ಮಾ ಜುವೈನಾಳಿಗೆ ಇದ್ದದ್ದು ಅದಿಷ್ಟೇ. ಹಮದನ ದಾಳಿಂಬೆಗೆ ನೀರು ಸಾಲುತ್ತಿರಲಿಲ್ಲ. ಹಣ್ಣು ಕೊಡದ ಮರ ನೀರು ಕುಡಿಯುವುದನ್ನು ಅವನು ಎರಡು ವರ್ಷ ನೋಡಿದ. ಮೂರನೆಯ ವರ್ಷ ಅಕ್ಕನೊಡನೆ ಮಾತಾಡಿದ. ಬರುವ ಬೇಸಿಗೆಗೆ ಕಾಯಿ ಬಿಡದಿದ್ದರೆ ಮರ ಕಡಿದು ನೀರು ತನ್ನ ಕಡೆಗೆ. ಅವಳಿಗೆ ಬೇಕಾದ ಹಿಟ್ಟು, ಖರ್ಜೂರ ಎಲ್ಲ ತಾನೇ ಕೊಡುತ್ತೇನೆ.

"ನೀನು ಒಪ್ಪಿದೆಯಾ?" ಎಂದು ಕೇಳಿದೆ.

"ಮರ ಸುಮ್ಮನಿರುವಾಗ ನಾನೇನು ಹೇಳಲಿ?" ಎಂದಳು. "ನನಗೆ ಊಟ ಕೊಡುತ್ತಾನೆ ಸಿಸ್ತರ್. ಆದರೆ ನನ್ನ ಸರದಿ ಬಂತು ಎಂದು ಬೆಳಿಗ್ಗೆ ನಾನು ಎದ್ದು ಹೋಗುವುದಕ್ಕೆ ಎಲ್ಲಿ ಹೋಗಲಿ?"

ಆ ನವೆಂಬರ್ ಕಳೆದು ಡಿಸೆಂಬರ್ ಬಂದರೂ ಎಲೆ ಅಲ್ಲಾಡಲಿಲ್ಲ. ನಾವಿಬ್ಬರೂ ಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದೆವು. ಅವಳು ತಟ್ಟನೆ ಕೇಳಿದಳು:

"ನಿನ್ನ ಊರಿನಲ್ಲಿ ಚಳಿಯೇ ಇಲ್ಲ ಅನ್ನುತ್ತೀಯಲ್ಲ. ಹಾಗಾದರೆ ನಿಮ್ಮ ಗಿಡಗಳು ಮಲಗುವುದು ಯಾವಾಗ?"

"ನಾವೇ ಮಲಗಿಸುತ್ತೇವೆ," ಎಂದೆ. ಹೇಳಿದ ಮೇಲೆ ನನಗೇ ಎಚ್ಚರವಾಯಿತು.

ಮಳೆಗಾಲ ಕಳೆದ ಮೇಲೆ ನಮ್ಮಮ್ಮ ಮಲ್ಲಿಗೆಯ ಗಿಡಗಳಿಗೆ ನೀರು ನಿಲ್ಲಿಸುತ್ತಿದ್ದಳು. ಗೆಲ್ಲುಗಳ ತುದಿ ಸವರಿ, ಉಳಿದ ಎಲೆಗಳನ್ನು ನಾವೆಲ್ಲ ಕೂತು ಕೈಯಿಂದ ಒಂದೊಂದಾಗಿ ಕೀಳುತ್ತಿದ್ದೆವು. ಎಲೆಯ ಬುಡದಲ್ಲಿ ಚಿಗುರು ಹುಟ್ಟುವ ಕಣ್ಣಿಗೆ ಪೆಟ್ಟಾಗದ ಹಾಗೆ, ಹಿಂದಕ್ಕೆ ಬಾಗಿಸಿ. ನೋಡಿದವರಿಗೆ ಗಿಡ ಕೊಂದ ಹಾಗೆ ಕಾಣಬೇಕು. ಕೆಲವು ದಿನ ಅದನ್ನು ಹಾಗೇ ಬಿಟ್ಟು, ಗೊಬ್ಬರ ಕೊಟ್ಟು ನೀರು ಬಿಟ್ಟರೆ, ಚಿಗುರಿನೊಡನೆ ಮೊಗ್ಗು ಕಿಕ್ಕಿರಿದು ಬರುತ್ತಿತ್ತು. ಚಳಿ ಮಾಡದ ಕೆಲಸವನ್ನು ನಮ್ಮ ಕಡೆ ಹೆಂಗಸರ ಬೆರಳು ಮಾಡುತ್ತದೆ.

ಇದನ್ನು ಕೇಳಿ ಮಾ ಜುವೈನಾ ಒಂದು ರೆಂಬೆ ಬಗ್ಗಿಸಿ ಎಲೆಯ ಬುಡವನ್ನು ನೋಡಿದಳು. ಮಲ್ಲಿಗೆ ಬೇರೆ, ಮಿಶ್‌ಮಿಶ್ ಬೇರೆ ಎಂದು ನಾನೇ ಹೇಳಿದೆ. ಎಲೆ ಕಿತ್ತು ಮರ ಸತ್ತರೆ ಹಮದನ ಕೊಡಲಿಗೆ ಕೆಲಸವೂ ಉಳಿಯುವುದಿಲ್ಲ.

"ಸುಮ್ಮನೆ ಕೂತರೂ ಅದು ಸಾಯುತ್ತದೆ," ಎಂದಳು. ನೀರಿನ ಸರದಿಯನ್ನು ಸ್ವಲ್ಪ ಕಾಲ ತಮ್ಮನಿಗೇ ಬಿಟ್ಟುಕೊಟ್ಟು, ಆಮೇಲೆ ಸೊಂಟಕ್ಕೆ ಸೆರಗು ಕಟ್ಟಿ ಏಣಿ ತಂದಳು. "ಯಲ್ಲಾ, ನಡೆ."

ಡ್ಯೂಟಿ ಮುಗಿದ ಮೇಲಿನ ಸಂಜೆಗಳೆಲ್ಲ ಮರಕ್ಕೆ ಹೋದವು. ಅವಳ ಬೆರಳು ಮಡಚುತ್ತಿರಲಿಲ್ಲವಾದ್ದರಿಂದ ಮೇಲಿನ ರೆಂಬೆಗಳೆಲ್ಲ ನನಗೆ. ಏಣಿಯ ಮೇಲೆ ನಿಂತು, ಬೆಟ್ಟದ ಗಾಳಿಗೆ ಮೂಗು ಸೋರುತ್ತ, ನಾನು ಶಂಕರಪುರದ ಮಲ್ಲಿಗೆಯವರ ಕೆಲಸವನ್ನು ಅರಬ್ಬರ ದೇಶದಲ್ಲಿ ಮಾಡಿದೆ. ಊರಿನ ಗಂಡಸರು ಫಲಜಿನ ದಂಡೆಯಲ್ಲಿ ನಿಂತು ನೋಡುತ್ತಿದ್ದರು. ಹಿಂದಿ ಸಿಸ್ತರ್ ಮರದ ಬಟ್ಟೆ ಬಿಚ್ಚುತ್ತಿದ್ದಾಳೆ ಎಂದು ಒಬ್ಬ ಅಂದದ್ದು ಕೇಳಿಸಿತು. ಅಲ್ಲಿ ಹಿಂದಿ ಎಂದರೆ ಇಂಡಿಯಾದವರು. ಹಮದ್ ಬಂದು, ಇದು ಔಷಧಿಯೋ ಮಾಟವೋ ಎಂದು ಕೇಳಿದ. ಔಷಧಿ, ಬಿಲ್ಲು ಆಮೇಲೆ ಕಳಿಸುತ್ತೇನೆ ಎಂದೆ.

ಜನವರಿಯಲ್ಲಿ ಕೆಲವು ದಿನ ಚಳಿ ಬಿತ್ತು. ದೊಡ್ಡ ಚಳಿಯಲ್ಲ. ಆಮೇಲೆ ಮರ ಹೂ ಬಿಟ್ಟಿತು. ಹಳೆಯ ವರ್ಷಗಳ ಹಾಗೆ ಮೈತುಂಬ ಅಲ್ಲ, ದಕ್ಷಿಣದ ಕಡೆಯ ರೆಂಬೆಗಳು ಖಾಲಿಯೇ. ಆದರೆ ಉಳಿದದ್ದರಲ್ಲಿ ಬಿಳಿ ಹೂವು, ಆಮೇಲೆ ಕಾಯಿ, ಬೇಸಿಗೆಗೆ ಹಣ್ಣು. ಎಲೆ ಕಿತ್ತದ್ದರಿಂದಲೋ ಆ ನಾಲ್ಕು ದಿನದ ಚಳಿಯಿಂದಲೋ ಇಂದಿಗೂ ನನಗೆ ಗೊತ್ತಿಲ್ಲ. ಮಾ ಜುವೈನಾಳಿಗೆ ಆ ಅನುಮಾನ ಇರಲಿಲ್ಲ. ಮೊದಲ ಹಣ್ಣನ್ನು ಅವಳು ತಮ್ಮನ ಕೈಗೆ ಕೊಟ್ಟು ಅವನು ತಿನ್ನುವವರೆಗೆ ಎದುರಿಗೇ ನಿಂತಿದ್ದಳು. ಅವನು ಬೀಜ ಉಗುಳಿ, ಒಂದು ವರ್ಷದ ಅದೃಷ್ಟ, ಮುಂದಿನ ವರ್ಷ ನೋಡೋಣ ಎಂದ. ಅವನ ಬಾಯಲ್ಲೂ ಅದೇ ನೋಡೋಣ.

ಅದೇ ವರ್ಷ ಮಳೆಗಾಲದ ಹೊತ್ತಿಗೆ, ಊರಿನಲ್ಲಿ ಮಳೆಗಾಲ ಅನ್ನಿ, ನನ್ನ ಟ್ರಾನ್ಸ್‌ಫರ್ ಬಂತು. ಮಸ್ಕತ್ತಿಗೆ. ಅಷ್ಟು ವರ್ಷ ಬೇಡಿದ್ದು, ಹರಕೆ ಹೊತ್ತದ್ದು. ವಲ್ಲಿ ಫೋನಿನಲ್ಲಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಹಮ್ರಿಯಾದಲ್ಲಿ ಮನೆ ನೋಡಿದ್ದೇನೆ ಮಾರಾಯ್ತಿ. ಸಣ್ಣದು. ಆದ್ರೆ ಬಾಗಿಲು ಹಾಕಿದ್ರೆ ನಾವಿಬ್ರೇ." ನಾನು ಅತ್ತೆ. ಆ ಅಳುವಿನಲ್ಲಿ ಎಲ್ಲವೂ ಸಂತೋಷದ್ದೇ ಎಂದು ಅವನಿಗೆ ಹೇಳಿದೆ.

ಮಾ ಜುವೈನಾ ಅಳಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಒಣಗಿಸಿದ ಮಿಶ್‌ಮಿಶ್ ತುರುಕುತ್ತ, "ಹೋಗು. ಗಂಡನ ಹತ್ತಿರ ಇರು. ಎಲೆ ಕೀಳುವ ಹೊತ್ತಿಗೆ ಬಾ," ಎಂದಳು. ಬರುತ್ತೇನೆ ಎಂದೆ. ಇನ್ಶಾಲ್ಲಾ ಎನ್ನಲಿಲ್ಲ, ಖಂಡಿತ ಎಂದೆ.

ಹಮ್ರಿಯಾದಲ್ಲಿ ಎಲ್ಲ ಸುಲಭ. ಬೀದಿಗಿಳಿದರೆ ತುಳು, ಕೊಂಕಣಿ, ಮಲಯಾಳ. ಕುಚ್ಚಲಕ್ಕಿ ಬೇಯುತ್ತದೆ. ಮತ್ರಾದ ಮೀನು ಮಾರುಕಟ್ಟೆಯಿಂದ ತಂದ ಬಂಗುಡೆಗೆ ಕಣ್ಣು ಕೆಂಪಾಗಿರುವುದಿಲ್ಲ. ಹಿಟ್ಟು ಒಂದೇ ರಾತ್ರಿಯಲ್ಲಿ ಉಬ್ಬಿ, ತಡವಾದರೆ ಹುಳಿ ಬರುತ್ತದೆ. ಬಾಗಿಲು ಹಾಕಿದರೆ ನಾವಿಬ್ಬರೇ. ಹೀಗಿದ್ದೂ ನನ್ನ ಮುಖ ಗಂಟು. ಡಿಸೆಂಬರಿನಲ್ಲಿ ಫ್ಯಾನು ತಿರುಗುವುದನ್ನು ನೋಡಿದರೆ ಸಿಡುಕು. ಎದುರು ಕಟ್ಟಡದ ಗೋಡೆಗೆ ಹಬ್ಬಿದ ಕಾಗದದ ಹೂವಿನ ಬಳ್ಳಿ ವರ್ಷವಿಡೀ ಹೂ ಬಿಟ್ಟುಕೊಂಡು ನಿಂತಿರುತ್ತಿತ್ತು. ಇದಕ್ಕೆ ಒಂದು ದಿನವೂ ಸುಸ್ತಿಲ್ಲವೇ ಎಂದು ಬೈದರೆ, ವಲ್ಲಿ, "ಅದೆಂತ ಮಾಡಿತು ನಿಂಗೆ?" ಎಂದು ಕೇಳುತ್ತಿದ್ದ.

ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದೆ. ಡ್ರೈವರ್ ನಾಸರ್ ಸಿಕ್ಕಿದ. ನನ್ನನ್ನು ಎಷ್ಟೋ ಸಲ ಬೆಟ್ಟ ಹತ್ತಿಸಿ ಇಳಿಸಿದವನು. ಮರದಲ್ಲಿ ಎಲೆ ಇದೆಯಾ ಎಂದು ಕೇಳಿದೆ. ಇದೆ, ಹೋದ ವರ್ಷಕ್ಕಿಂತ ಜಾಸ್ತಿ ಎಂದ. ಮಾ ಜುವೈನಾಳ ಕೈ ಹೇಗಿದೆ ಎಂದು ಕೇಳಿದೆ. ಚಹಾದ ಲೋಟ ಎರಡು ಕೈಯಲ್ಲಿ ಹಿಡಿಯುತ್ತಾಳೆ ಎಂದ.

ಪರ್ಮಿಟ್ಟಿಗೆ ಅರ್ಜಿ ಹಾಕಿದೆ. ನೋಡೋಣ ಎಂದರು. ಒಂದು ವಾರ ಕಾದೆ, ಎರಡು ವಾರ ಕಾದೆ. ಮೂರನೆಯ ಶುಕ್ರವಾರ, ಅಲ್ಲಿ ವಾರದ ರಜೆ ಅಂದೇ, ಬೆಳಿಗ್ಗೆ ಪೂಜೆ ಮುಗಿಸಿ ಚರ್ಚಿನಿಂದ ಬರುತ್ತ ವಲ್ಲಿಗೆ ಹೇಳಿದೆ, ಗಾಡಿ ಬಿರ್ಕತ್ ಅಲ್ ಮೌಜ್ ಕಡೆಗೆ ಬಿಡಿ ಎಂದು.

"ಪರ್ಮಿಟ್ ಇಲ್ಲದೆ?"

"ಅವರಿಗೆ ನನ್ನ ಮುಖ ಗೊತ್ತುಂಟು. ಎಷ್ಟು ವರ್ಷ ಅದೇ ಗೇಟಿನಲ್ಲಿ ಹೋಗಿದ್ದೇನೆ."

"ಮುಖ ನೋಡಿ ಬಿಡುದಾದ್ರೆ ನನ್ನನ್ನು ಆವಾಗ ಯಾಕೆ ಬಿಡ್ಲಿಲ್ಲ?"

"ನಿಮ್ಮ ಮುಖ ನೋಡಿಯೇ ಬಿಡದ್ದು," ಎಂದೆ. ಅವನು ನಕ್ಕು ಗಾಡಿ ತಿರುಗಿಸಿದ. ವಲ್ಲಿಯ ದೊಡ್ಡ ಗುಣ ಅದು, ಅದನ್ನೂ ಇಲ್ಲಿ ಬರೆಯಬೇಕು.

ಚೆಕ್‌ಪೋಸ್ಟಿನಲ್ಲಿ ಹೊಸ ಸೈನಿಕ. ತುಂಬ ಮರ್ಯಾದಸ್ಥ. ಸಲಾಂ ಹೇಳಿದ, ಪರ್ಮಿಟ್ ಕೇಳಿದ. ನಾನು ಹಳೆಯ ಗುರುತಿನ ಚೀಟಿ ತೋರಿಸಿದೆ. ಅದರ ಅವಧಿ ಮುಗಿದಿದೆ ಎಂದು ವಿನಯದಿಂದ ಹಿಂದಕ್ಕೆ ಕೊಟ್ಟ.

"ಮೇಲೆ ನಿಮ್ಮವರು ಯಾರಿದ್ದಾರೆ?" ಎಂದು ಕೇಳಿದ. "ಗಂಡ? ಅಣ್ಣ?"

ಗಂಡ ಪಕ್ಕದಲ್ಲೇ ಸ್ಟಿಯರಿಂಗ್ ಹಿಡಿದು ಕೂತಿದ್ದ. ಏನು ಹೇಳಲಿ? ನೆರೆಮನೆಯವಳು ಎಂದರೆ ಅಲ್ಲಿ ನನಗೆ ಮನೆಯಿಲ್ಲ. ತಾಯಿಯ ಹಾಗೆ ಎಂದರೆ ಆ ಹಾಗೆಗೆ ಅವನ ಹತ್ತಿರ ಜಾಗವಿಲ್ಲ. ಒಂದು ಮರ ಇದೆ, ಎಲೆ ಕೀಳಬೇಕು ಎಂದು ನಿಜವನ್ನೇ ಹೇಳಿದೆ. ಅವನು ವಲ್ಲಿಯ ಮುಖ ನೋಡಿದ. ವಲ್ಲಿ ತನ್ನ ಗ್ಯಾರೇಜಿನ ಅರಬ್ಬಿಯಲ್ಲಿ, ಹೌದು, ಮರ, ಮರ ಎಂದ.

ಅಷ್ಟರಲ್ಲಿ ಮೇಲಿನಿಂದ ಆರೋಗ್ಯ ಕೇಂದ್ರದ ಗಾಡಿ ಧೂಳೆಬ್ಬಿಸಿಕೊಂಡು ಇಳಿಯಿತು. ನಾಸರ್. ನನ್ನನ್ನು ಕಂಡು ಗೇಟಿನ ಆಚೆಯೇ ನಿಲ್ಲಿಸಿ ಇಳಿದು ಬಂದ. ನಾನು ಕೇಳುವ ಮೊದಲೇ ಹೇಳಿದ.

"ಖಲಾಸ್ ಸಿಸ್ತರ್. ಎಲೆ ಕಿತ್ತಾಯಿತು. ಮಾ ಜುವೈನಾ ಕೆಳಗೆ ಕುರ್ಚಿ ಹಾಕಿ ಕೂತು ಬೈದು ಬೈದು ಮಾಡಿಸಿದಳು. ಏಣಿಯ ಮೇಲೆ ಹಮದ್."

"ಹಮದ್?"

"ಅವನೇ. ಕಣ್ಣಿಗೆ ಪೆಟ್ಟು ಮಾಡಬೇಡ, ಹಿಂದಕ್ಕೆ ಬಾಗಿಸಿ ಕೀಳು ಎಂದು ಅವಳು ಕೂಗುತ್ತಿದ್ದಳು. ಈಗ ಆಚೆ ತೋಟದವರೂ ಶುರು ಮಾಡಿದ್ದಾರೆ. ಆ ಮರದ ನೀರಿನ ಮಾತು ಈಗ ಯಾರೂ ಎತ್ತುವುದಿಲ್ಲ."

ಕಣ್ಣಿಗೆ ಪೆಟ್ಟು ಮಾಡಬೇಡ ಎಂಬುದು ನಮ್ಮಮ್ಮ ನನಗೆ ಹೇಳುತ್ತಿದ್ದ ಮಾತು, ಅಕ್ಷರಕ್ಕಕ್ಷರ. ಬೆಟ್ಟದ ಅರಬ್ಬಿಯಲ್ಲಿ ಕೇಳಿ ಎದೆ ತುಂಬಿತು. ಅದರ ಬೆನ್ನಿಗೇ ಹೊಟ್ಟೆ ಉರಿಯಿತು. ನಾನಿಲ್ಲದೆ ಆಯಿತಲ್ಲ ಎಂದು. ಆಗಬೇಕಾದ್ದೇ ಅದು, ಅದಕ್ಕೇ ನಾನು ಓಡಿ ಬಂದದ್ದು. ಆದರೂ ಉರಿಯಿತು. ನಾಸರ್ ಗಾಡಿಯಲ್ಲಿದ್ದ ರೋಗಿಯನ್ನು ನಿಜ್ವಾದ ಆಸ್ಪತ್ರೆಗೆ ಒಯ್ಯುವುದಿತ್ತು, ಸಲಾಂ ಹೇಳಿ ಹೋದ.

ಸೈನಿಕನಿಗೆ ನನ್ನ ಮುಖ ನೋಡಿ ಏನನ್ನಿಸಿತೋ. ಒಳಗಿನಿಂದ ಎರಡು ಲೋಟ ಚಹಾ ತಂದು ಕಿಟಕಿಯಿಂದ ಕೊಟ್ಟ. ಅಲ್ಲಿನವರು ಹಾಗೆ, ವಾಪಸು ಕಳಿಸುವವರಿಗೂ ಚಹಾ ಕೊಟ್ಟೇ ಕಳಿಸುತ್ತಾರೆ. ನಾನು ಬೆಟ್ಟದ ಹೆಂಗಸರು ಹೇಳುವ ಹಾಗೆಯೇ ಥ್ಯಾಂಕ್ಸ್ ಹೇಳಿದ್ದು ಕೇಳಿ ಅವನಿಗೆ ಆಶ್ಚರ್ಯವಾಯಿತು.

"ನೀವು ಎಲ್ಲಿಯವರು?" ಎಂದು ಕೇಳಿದ.

ಇಂಡಿಯಾ ಎನ್ನಬೇಕಿತ್ತು. ಉಡುಪಿ ಎಂದರೆ ಅವನಿಗೆ ತಿಳಿಯದು, ಹಮ್ರಿಯಾ ಎಂದರೆ ಸಾಕಿತ್ತು. ಬಾಯಿಗೆ ಬಂದದ್ದು ಬೇರೆ.

"ಸೈಕ್‌ನವಳು," ಎಂದೆ.

ಅವನು ನಗಲಿಲ್ಲ. ರಸ್ತೆಯನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ನೋಡಿ ಮೆಲ್ಲಗೆ ಹೇಳಿದ:

"ಸೈಕ್‌ನವರು ಆ ಕಡೆಯಿಂದ ಬರುತ್ತಾರೆ, ಸಿಸ್ತರ್. ನೀವು ಈ ಕಡೆಯಿಂದ ಬಂದಿದ್ದೀರಿ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು. ಲೋಟ ಹಿಂದಕ್ಕೆ ಕೊಟ್ಟೆ. ವಲ್ಲಿ ಗಾಡಿ ತಿರುಗಿಸಿದ.